ಟ್ಯಾಂಕಿನ ಅಳತೆ, ಮೈಲೇಜ್, ಕಿಲೋಮೀಟರಿನ ಖರ್ಚು: ನಿಮ್ಮ ಗಾಡಿಯ ಲೆಕ್ಕ ನೀವೇ ಹಾಕಿಕೊಳ್ಳುವುದು ಹೇಗೆ?

"ನನ್ನ ಕಾರಿನ ಟ್ಯಾಂಕ್ 37 ಲೀಟರ್ ಅಂತ ಪುಸ್ತಕದಲ್ಲಿದೆ. ಬಂಕಿನವರು 39 ಲೀಟರ್ ಹಾಕಿ ಬಿಲ್ ಕೊಟ್ಟಿದ್ದಾರೆ. ಇದು ಮೋಸ ತಾನೇ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೂ ಕೆಲವು ಬರುತ್ತವೆ. ಕಂಪನಿ ಹೇಳಿದ ಮೈಲೇಜ್ ಯಾಕೆ ಸಿಗುತ್ತಿಲ್ಲ? ಮಂಗಳೂರಿಗೆ ಹೋಗಿ ಬರಲು ಎಷ್ಟು ಪೆಟ್ರೋಲ್ ಬೇಕು? ನಾಲ್ಕು ಜನ ಹೋದರೆ ಕಾರು ಅಗ್ಗವೋ ಬಸ್ಸೋ? ತೋಟದ ಮನೆಯ ಡ್ರಮ್ಮಿನಲ್ಲಿ ಡೀಸೆಲ್ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ?

ಇವೆಲ್ಲಕ್ಕೂ ಬೇಕಾಗುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಅಷ್ಟೇ. ತಪ್ಪಾಗುವುದು ಗಣಿತದಲ್ಲಿ ಅಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳುವ ಅಂಕಿಯಲ್ಲಿ. ಜಾಹೀರಾತಿನ ಅಂಕಿ, ಡ್ಯಾಶ್‌ಬೋರ್ಡಿನ ಅಂಕಿ, ಪಕ್ಕದ ಮನೆಯವರು ಹೇಳಿದ ಅಂಕಿ ಯಾವುದೂ ಬೇಡ. ನಿಮ್ಮ ಗಾಡಿಯ ಅಂಕಿಯನ್ನು ನಿಮ್ಮ ಟ್ಯಾಂಕಿನಿಂದಲೇ ತೆಗೆಯಬೇಕು.

ಮೊದಲು ಇಷ್ಟನ್ನು ಜೋಡಿಸಿಕೊಳ್ಳಿ: ಗಾಡಿಯ ಜೊತೆ ಬಂದ ಮಾಲೀಕರ ಕೈಪಿಡಿ, ಗಾಡಿಯಲ್ಲೇ ಇಡುವ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್. ಬಂಕಿನ ಬಿಲ್ಲನ್ನು ನಂಬಿಕೊಂಡು ಕೂರಬೇಡಿ. ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಬಿಸಿಲಿಗೆ ಬಿದ್ದರೆ ಇನ್ನೂ ಬೇಗ. ಬಿಲ್ ಕೈಗೆ ಬಂದ ಕೂಡಲೇ ತಾರೀಕು, ಓಡೋಮೀಟರ್ (ಗಾಡಿ ಇದುವರೆಗೆ ಒಟ್ಟು ಎಷ್ಟು ಕಿ.ಮೀ. ಓಡಿದೆ ಎಂದು ತೋರಿಸುವ ಅಂಕಿ), ಲೀಟರ್, ದರ, ಒಟ್ಟು ಹಣ ಈ ಐದನ್ನೂ ಬರೆದುಕೊಳ್ಳಿ.

ಹಂತ 1: ಟ್ಯಾಂಕಿನ ನಿಜವಾದ ಅಳತೆ ತಿಳಿಯಿರಿ

ಕೈಪಿಡಿಯ ಕೊನೆಯ ಪುಟಗಳಲ್ಲಿ 'ಇಂಧನ ಟ್ಯಾಂಕ್ ಸಾಮರ್ಥ್ಯ' ಎಂಬ ಸಾಲು ಇರುತ್ತದೆ. ಆಕ್ಟಿವಾ ಸ್ಕೂಟರಿಗೆ 5.3 ಲೀಟರ್, ಸ್ಪ್ಲೆಂಡರ್ ಪ್ಲಸ್‌ಗೆ 9.8, ವ್ಯಾಗನ್ ಆರ್‌ಗೆ 32, ಸ್ವಿಫ್ಟ್‌ಗೆ 37. ಮಾಡೆಲ್ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದಕ್ಕಿಂತ ನಿಮ್ಮ ಕೈಪಿಡಿಯಲ್ಲಿ ಇರುವುದನ್ನೇ ಹಿಡಿಯಿರಿ.

ಇನ್ನು ಆ 37 ಮತ್ತು 39ರ ಪ್ರಶ್ನೆ. ಕೈಪಿಡಿಯಲ್ಲಿ ಬರೆದಿರುವುದು ಬಂಕಿನ ನಾಜಲ್ ತಾನಾಗಿಯೇ 'ಟಕ್' ಎಂದು ನಿಲ್ಲುವ ಮಟ್ಟದವರೆಗಿನ ಅಳತೆ. ಅದರ ಮೇಲೂ ಟ್ಯಾಂಕಿನಲ್ಲಿ ಜಾಗ ಇರುತ್ತದೆ. ಪೆಟ್ರೋಲ್ ಬಿಸಿಯಾಗಿ ಹಿಗ್ಗಿದಾಗ ಹೋಗಲು, ಆವಿ ಸೇರಲು ಬಿಟ್ಟ ಜಾಗ ಅದು. ಮುಚ್ಚಳದಿಂದ ಟ್ಯಾಂಕಿನವರೆಗೆ ಇಳಿಯುವ ಕೊಳವೆಯೂ ಸ್ವಲ್ಪ ಹಿಡಿಯುತ್ತದೆ. ನಾಜಲ್ ನಿಂತ ಮೇಲೂ ಕತ್ತಿನವರೆಗೆ ತುಂಬಿಸುತ್ತಾ ಹೋದರೆ ಬರೆದದ್ದಕ್ಕಿಂತ ಕೆಲವು ಲೀಟರ್ ಹೆಚ್ಚು ಹಿಡಿಯುವುದು ಸಹಜ. ಆದ್ದರಿಂದ 39 ಲೀಟರ್ ಎಂದ ಮಾತ್ರಕ್ಕೆ ಮೋಸ ಎಂದು ಹೇಳಲಾಗದು. ಆದರೆ ರಿಸರ್ವ್ ದೀಪವೇ ಹತ್ತದೆ, ಮುಳ್ಳು ಅರ್ಧದಲ್ಲಿದ್ದಾಗ 30 ಲೀಟರ್ ಹಾಕಿದೆವು ಎಂದರೆ ಅಲ್ಲೇ ನಿಂತು ಕೇಳಲೇಬೇಕು.

ಎಚ್ಚರಿಕೆ: ಕತ್ತಿನವರೆಗೆ ತುಂಬಿಸುವ ಚಟ ಒಳ್ಳೆಯದಲ್ಲ. ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯೊಂದು ಇರುತ್ತದೆ, ಕ್ಯಾನಿಸ್ಟರ್ ಎನ್ನುತ್ತಾರೆ. ಅದರೊಳಗೆ ಆವಿಯ ಬದಲು ಪೆಟ್ರೋಲೇ ನುಗ್ಗಿದರೆ ಹಾಳಾಗುತ್ತದೆ. ಇನ್ನೊಂದು ವಿಷಯ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯೇರಿದರೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. 37 ಲೀಟರ್ ತುಂಬಿದ ಗಾಡಿಯನ್ನು ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿ, ಟ್ಯಾಂಕ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗಿತು ಎಂದಾಯಿತು. ಅದು ಹೋಗಲು ಜಾಗ ಬೇಡವೇ?

ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ ಎಂದು ಹಲವರು ನಂಬುತ್ತಾರೆ. ಬಂಕಿನ ಟ್ಯಾಂಕು ನೆಲದಡಿ ಇರುವುದರಿಂದ ಅದರ ಶಾಖ ಹಗಲು ರಾತ್ರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆ ಬಿಟ್ಟು ಹೋಗಬೇಕಾಗಿಲ್ಲ.

ಸಿಎನ್‌ಜಿ ಗಾಡಿಯವರಿಗೆ ಒಂದು ಮಾತು. ನಿಮ್ಮ ಸಿಲಿಂಡರ್ ಮೇಲೆ '60 ಲೀಟರ್' ಎಂದಿದ್ದರೆ ಅದು ನೀರು ತುಂಬಿದರೆ ಹಿಡಿಯುವ ಅಳತೆ. ಗ್ಯಾಸ್ ಮಾರುವುದು ಕೆ.ಜಿ. ಲೆಕ್ಕದಲ್ಲಿ, ಆ ಸಿಲಿಂಡರಿಗೆ ಹಿಡಿಯುವುದು 8–9 ಕೆ.ಜಿ. ಮುಂದೆ ಬರುವ ಲೆಕ್ಕಗಳಲ್ಲೆಲ್ಲ ಲೀಟರ್ ಇದ್ದ ಕಡೆ ನೀವು ಕೆ.ಜಿ. ಹಾಕಿಕೊಳ್ಳಿ.

ಹಂತ 2: ಬಂಕಿನಲ್ಲಿ ಕಣ್ಣು ತೆರೆದಿಡಿ

ಗಾಡಿಯಿಂದ ಇಳಿದು ಯಂತ್ರದ ಮುಂದೆ ನಿಲ್ಲಿ. ಅಂಕಿ ಸೊನ್ನೆಗೆ ಬಂದದ್ದನ್ನು ನೋಡಿ, ದರವನ್ನೂ ನೋಡಿ. 2017ರ ಜೂನ್ 16ರಿಂದ ದೇಶದಲ್ಲಿ ಪೆಟ್ರೋಲ್, ಡೀಸೆಲ್ ದರವನ್ನು ದಿನವೂ ಬೆಳಿಗ್ಗೆ 6ಕ್ಕೆ ಪರಿಷ್ಕರಿಸುವ ಪದ್ಧತಿ ಇದೆ. ಎಷ್ಟೋ ದಿನ ದರ ಅಲುಗಾಡದೆ ಇರಬಹುದು. ಆದರೂ ಹಳೇ ದರ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

100, 500 ರೂಪಾಯಿಯಂಥ ಗುಂಡು ಮೊತ್ತಕ್ಕೆ ಹಾಕಿಸಿದರೆ ಕಡಿಮೆ ಬರುತ್ತದೆ, 110ಕ್ಕೋ 510ಕ್ಕೋ ಹಾಕಿಸಬೇಕು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಯಂತ್ರವೇ ಕೆಟ್ಟಿದ್ದರೆ 510ಕ್ಕೂ ಕಡಿಮೆಯೇ ಬರುತ್ತದೆ. ಅನುಮಾನ ಬಂದರೆ ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ದಾರಿ ಇದೆ. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. "5 ಲೀಟರ್ ಅಳೆದು ತೋರಿಸಿ" ಎಂದು ಕೇಳುವುದು ನಿಮ್ಮ ಹಕ್ಕು. ಐದು ಲೀಟರಿಗೆ 25 ಮಿಲಿ ಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಅದಕ್ಕಿಂತ ಕಡಿಮೆ ಬಂದರೆ ಇಲಾಖೆಗೆ ದೂರು ಕೊಡಬಹುದು. ಜಗಳವಾಡದೆ, ದನಿ ಏರಿಸದೆ ಕೇಳಿ.

ರೂಪಾಯಿ ಲೆಕ್ಕದಲ್ಲಿ ಹಾಕಿಸುವುದು ತಪ್ಪಲ್ಲ. ಆದರೆ ಮೈಲೇಜ್ ತೆಗೆಯುವ ದಿನಗಳಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

ಹಂತ 3: ಫುಲ್‌ನಿಂದ ಫುಲ್‌ಗೆ ಮೈಲೇಜ್ ತೆಗೆಯಿರಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ.

ಟ್ಯಾಂಕಿನೊಳಗೆ ಈಗ ಎಷ್ಟು ಇದೆ ಎಂದು ನಮಗೆ ಸರಿಯಾಗಿ ಗೊತ್ತಿರುವುದು ಒಂದೇ ಕ್ಷಣದಲ್ಲಿ: ನಾಜಲ್ ತಾನಾಗಿ ನಿಂತಾಗ. ಹಾಗಾಗಿ ಆ ಮಟ್ಟವನ್ನೇ ಗುರುತು ಮಾಡಿಕೊಳ್ಳಬೇಕು. ಮೊದಲ ದಿನ ಫುಲ್ ಟ್ಯಾಂಕ್ ಮಾಡಿಸಿ, ಮೊದಲ 'ಟಕ್'ಗೆ ನಿಲ್ಲಿಸಲು ಹೇಳಿ, ಓಡೋಮೀಟರ್ ಬರೆದುಕೊಳ್ಳಿ. ಅಂದು ಎಷ್ಟು ಲೀಟರ್ ಹಿಡಿಯಿತು ಎಂಬುದು ಲೆಕ್ಕಕ್ಕೆ ಬೇಡ. ಆಮೇಲೆ ಎಂದಿನಂತೆ ಓಡಿಸಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಮತ್ತೆ ಫುಲ್ ಮಾಡಿಸಿ, ಸಾಧ್ಯವಾದರೆ ಅದೇ ಬಂಕಿನಲ್ಲಿ, ಅದೇ ಯಂತ್ರದಲ್ಲಿ. ಈ ಸಲ ಹಿಡಿದ ಲೀಟರೇ ನೀವು ಸುಟ್ಟ ಇಂಧನ.

ಉದಾಹರಣೆಗೆ, ಮೊದಲ ಫುಲ್ ಆದಾಗ 42,318 ಕಿ.ಮೀ., ಎರಡನೆಯದಕ್ಕೆ 42,829 ಕಿ.ಮೀ. ಅಂದರೆ 511 ಕಿ.ಮೀ. ಓಡಿದೆ. ಎರಡನೇ ಸಲ ಹಿಡಿದದ್ದು 29.4 ಲೀಟರ್. 511ನ್ನು 29.4ರಿಂದ ಭಾಗಿಸಿದರೆ ಲೀಟರಿಗೆ 17.4 ಕಿ.ಮೀ.

ಒಂದು ಸಲದ ಅಂಕಿಗೆ ಜೋತು ಬೀಳಬೇಡಿ. ನಾಜಲ್ ಒಂದು ಸಲ ಬೇಗ ನಿಲ್ಲಬಹುದು, ಗಾಡಿ ಸ್ವಲ್ಪ ಓರೆ ನಿಂತಿರಬಹುದು. ಅರ್ಧ ಲೀಟರ್ ಆಚೀಚೆಯಾದರೂ ಅಂಕಿ ಹಾರುತ್ತದೆ. ಕನಿಷ್ಠ ಮೂರು ಸಲ ಬರೆದುಕೊಂಡು, ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿ. ಮೇಲಿನ 511 ಕಿ.ಮೀ. ಆದ ಮೇಲೆ 468 ಕಿ.ಮೀ.ಗೆ 28.9 ಲೀಟರ್, ಆಮೇಲೆ 386 ಕಿ.ಮೀ.ಗೆ 25.3 ಲೀಟರ್ ಎಂದರೆ ಮೂರೂ ಸೇರಿ ಒಟ್ಟು 1,365 ಕಿ.ಮೀ., 83.6 ಲೀಟರ್, ಅಂದರೆ 16.3. ಇದು ನೀವು ನಂಬಬಹುದಾದ ಅಂಕಿ. ಮುಂದಿನ ಲೆಕ್ಕಗಳಿಗೆ ಇದನ್ನು 16 ಎಂದೇ ಹಿಡಿಯೋಣ. ಲೆಕ್ಕದಲ್ಲಿ ಯಾವಾಗಲೂ ಸ್ವಲ್ಪ ಕಡಿಮೆ ಮೈಲೇಜ್ ಹಿಡಿದರೆ ದಾರಿಯಲ್ಲಿ ನಿಲ್ಲುವ ಭಯವಿಲ್ಲ.

ನಡುವೆ ಒಂದು ದಿನ ಅನಿವಾರ್ಯವಾಗಿ 500 ರೂಪಾಯಿಗೆ ಹಾಕಿಸಿದಿರಾ? ಲೆಕ್ಕ ಕೆಡುವುದಿಲ್ಲ. ಆ ಲೀಟರನ್ನೂ ಬರೆದಿಟ್ಟು, ಮುಂದಿನ ಫುಲ್ ಆದಾಗ ಎರಡನ್ನೂ ಕೂಡಿಸಿಕೊಂಡರಾಯಿತು. ಬರೆಯಲು ಮರೆತರೆ ಮಾತ್ರ ಮತ್ತೆ ಮೊದಲಿನಿಂದ ಶುರು.

ರಿಸರ್ವ್‌ನಿಂದ ರಿಸರ್ವ್‌ಗೆ ಲೆಕ್ಕ ಹಾಕುವ ಅಭ್ಯಾಸ ಬೈಕಿನವರಲ್ಲಿ ಇದೆ. ಹಳೇ ಬೈಕುಗಳಲ್ಲಿ ನಲ್ಲಿ ತಿರುಗಿಸುವ ರಿಸರ್ವ್ ಇದ್ದಾಗ ಅದು ತಕ್ಕಮಟ್ಟಿಗೆ ನಡೆಯುತ್ತಿತ್ತು. ಈಗಿನ ಗಾಡಿಗಳ ದೀಪ, ಮುಳ್ಳು ಎರಡೂ ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆಯನ್ನು ನಂಬಿಕೊಂಡಿವೆ. ಟ್ಯಾಂಕಿನ ಆಕಾರ ಮೇಲಿಂದ ಕೆಳಗೆ ಒಂದೇ ಸಮ ಇರುವುದಿಲ್ಲ. ಗಾಡಿ ಇಳಿಜಾರಿನಲ್ಲಿದ್ದರೆ ಮುಳ್ಳು ಬೇರೆಯೇ ಹೇಳುತ್ತದೆ. ಅರ್ಧ ತೋರಿಸುವ ಮುಳ್ಳು ಅರ್ಧ ಟ್ಯಾಂಕ್ ಇದೆ ಎಂದು ಖಾತರಿ ಕೊಡುವುದಿಲ್ಲ.

ಕಂಪನಿ ಹೇಳುವ ಮೈಲೇಜ್ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಜಾಹೀರಾತಿನಲ್ಲಿ ಬರುವ, ಎಆರ್‌ಎಐ (ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ) ಪ್ರಮಾಣೀಕರಿಸಿದ ಅಂಕಿಯನ್ನು ಪರೀಕ್ಷಾ ಕೇಂದ್ರದ ರೋಲರುಗಳ ಮೇಲೆ, ನಿಗದಿಯಾದ ವೇಗದಲ್ಲಿ ಗಾಡಿ ಓಡಿಸಿ ತೆಗೆದಿರುತ್ತಾರೆ. ಅಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಇಲ್ಲ, ಎಸಿ ಹಾಕಿಕೊಂಡ ಐದು ಜನ ಇಲ್ಲ, ಘಾಟಿ ಇಲ್ಲ. ಆ ಅಂಕಿ ಒಂದು ಗಾಡಿಯನ್ನು ಇನ್ನೊಂದರೊಡನೆ ಹೋಲಿಸಲು ಸರಿ, ಖರ್ಚಿನ ಲೆಕ್ಕಕ್ಕಲ್ಲ.

ಪೆಟ್ರೋಲಿನಲ್ಲಿ ಎಥನಾಲ್ ಬೆರೆಯುವುದೂ ಒಂದು ಕಾರಣ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇದೆ. ಶೇ 20 ಬೆರಕೆಯ ಇ20 ಪೆಟ್ರೋಲಿನಿಂದ ಹಳೆಯ ಕಾರುಗಳ ಮೈಲೇಜ್ ಶೇ 6–7ರಷ್ಟು, ಹಳೆಯ ದ್ವಿಚಕ್ರ ವಾಹನಗಳದ್ದು ಶೇ 3–4ರಷ್ಟು, ಇ20ಗೆ ಹೊಂದಿಸಿದ ಕಾರುಗಳದ್ದು ಶೇ 1–2ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಳೇ ನೋಟ್‌ಬುಕ್ಕಿನ ಅಂಕಿ ಇದ್ದವರು ಈಗಿನದರ ಜೊತೆ ಹೋಲಿಸಿ ನೋಡಿ. ಮೈಲೇಜ್ ಇಷ್ಟಕ್ಕಿಂತ ಬಹಳ ಕುಸಿದಿದ್ದರೆ ಎಥನಾಲನ್ನು ದೂರುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಬಿಡದೆ ಹಿಡಿಯುತ್ತಿರುವ ಬ್ರೇಕ್ ಇವನ್ನು ತೋರಿಸಿ. ಟೈರಿನ ಸೈಜು ಬದಲಾಯಿಸಿದ್ದರೆ ಓಡೋಮೀಟರೇ ತಪ್ಪು ಹೇಳುತ್ತಿರಬಹುದು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ 20–30 ಕಿ.ಮೀ. ತಾಳೆ ನೋಡಿದರೆ ಗೊತ್ತಾಗುತ್ತದೆ.

ಹಂತ 4: ಸರಾಸರಿಯ ಬಲೆಗೆ ಬೀಳಬೇಡಿ

ತಿಂಗಳಲ್ಲಿ 400 ಕಿ.ಮೀ. ಊರೊಳಗೆ, ಲೀಟರಿಗೆ 12ರಂತೆ. ಇನ್ನು 400 ಕಿ.ಮೀ. ಹೆದ್ದಾರಿಯಲ್ಲಿ, ಲೀಟರಿಗೆ 20ರಂತೆ. ಸರಾಸರಿ ಎಷ್ಟು? ಹೆಚ್ಚಿನವರು 16 ಎನ್ನುತ್ತಾರೆ. ಲೀಟರ್ ಎಣಿಸಿ ನೋಡಿ. ಊರೊಳಗೆ 33.3, ಹೆದ್ದಾರಿಯಲ್ಲಿ 20, ಒಟ್ಟು 53.3 ಲೀಟರ್. 800ನ್ನು ಅದರಿಂದ ಭಾಗಿಸಿದರೆ 15. ಮೈಲೇಜ್‌ಗಳನ್ನು ಕೂಡಿಸಿ ಎರಡರಿಂದ ಭಾಗಿಸುವಂತಿಲ್ಲ, ಲೀಟರ್‌ಗಳನ್ನು ಕೂಡಿಸಬೇಕು.

ಇದೇ ಕಾರಣಕ್ಕೆ ಯುರೋಪಿನಲ್ಲಿ '100 ಕಿ.ಮೀ.ಗೆ ಎಷ್ಟು ಲೀಟರ್' ಎಂದು ಹೇಳುತ್ತಾರೆ. ನಮ್ಮ ಅಂಕಿಯನ್ನು ಹಾಗೆ ಬದಲಿಸಲು 100ನ್ನು ಮೈಲೇಜಿನಿಂದ ಭಾಗಿಸಿದರೆ ಸಾಕು. ಲೀಟರಿಗೆ 16 ಎಂದರೆ 100 ಕಿ.ಮೀ.ಗೆ 6.25 ಲೀಟರ್. ಮನೆಯಲ್ಲಿ ಎರಡು ಗಾಡಿ ಇದ್ದವರಿಗೆ ಇದು ತುಂಬಾ ಉಪಯೋಗ. 10 ಕೊಡುವ ಹಳೇ ಜೀಪು ರಿಪೇರಿಯಾಗಿ 12 ಕೊಟ್ಟರೆ ಸಾವಿರ ಕಿ.ಮೀ.ಗೆ 16.7 ಲೀಟರ್ ಉಳಿಯಿತು. 20 ಕೊಡುವ ಕಾರು 25 ಕೊಟ್ಟರೆ ಉಳಿಯುವುದು 10 ಲೀಟರ್ ಮಾತ್ರ. ನೋಡಲು ಎರಡನೆಯದೇ ದೊಡ್ಡದು ಅನಿಸುತ್ತದೆ. ದುಡ್ಡು ಉಳಿಯುವುದು ಮೊದಲನೆಯದರಲ್ಲಿ.

ಅಮೆರಿಕದಲ್ಲಿರುವ ಮಕ್ಕಳು "ನಮ್ಮ ಕಾರು ಮೂವತ್ತು ಕೊಡುತ್ತದೆ" ಎಂದರೆ ಅದು ಗ್ಯಾಲನ್ನಿಗೆ 30 ಮೈಲಿ. ಅದನ್ನು 0.425ರಿಂದ ಗುಣಿಸಿದರೆ ಲೀಟರಿಗೆ ಸುಮಾರು 12.75 ಕಿ.ಮೀ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಆದ್ದರಿಂದ ಬ್ರಿಟನ್ನಿನ ಅಂಕಿಯನ್ನು 0.354ರಿಂದ ಗುಣಿಸಬೇಕು. ಅಲ್ಲಿ ಪೆಟ್ರೋಲ್ ಮಾರುವುದು ಲೀಟರಿನಲ್ಲೇ, ಆದರೆ ಮೈಲೇಜ್ ಹೇಳುವುದು ಗ್ಯಾಲನ್ನಿನಲ್ಲಿ.

ಹಂತ 5: ಒಂದು ಪ್ರಯಾಣಕ್ಕೆ ಎಷ್ಟು ಲೀಟರ್?

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೇಲೆ ಮಂಗಳೂರಿಗೆ ಸುಮಾರು 350 ಕಿ.ಮೀ. ಹೋಗಿ ಬರುವುದಕ್ಕೆ 700. ಅಲ್ಲಿ ಊರೊಳಗೆ ಸುತ್ತಾಟ 60 ಕಿ.ಮೀ. ಎಂದಿಟ್ಟುಕೊಳ್ಳಿ. ಹೆದ್ದಾರಿಯ 700 ಕಿ.ಮೀ.ಗೆ 16ರಂತೆ 43.8 ಲೀಟರ್, ಊರಿನ 60ಕ್ಕೆ 13ರಂತೆ 4.6 ಲೀಟರ್, ಒಟ್ಟು 48.4. ಇದರ ಮೇಲೆ 5 ಲೀಟರ್ ಯಾವಾಗಲೂ ಮುಟ್ಟದೆ ಇಡಬೇಕಾದ ಮೀಸಲು, ಅಂದರೆ 53.4. ಟ್ಯಾಂಕಿನಲ್ಲಿ ಈಗಾಗಲೇ 12 ಲೀಟರ್ ಇದೆ ಎಂದರೆ ಕೊಳ್ಳಬೇಕಾದ್ದು 41.4 ಲೀಟರ್.

ಆದರೆ 37 ಲೀಟರಿನ ಟ್ಯಾಂಕಿನಲ್ಲಿ 12 ಇದ್ದರೆ ಹಿಡಿಯುವುದು 25 ಮಾತ್ರ. ಉಳಿದ 16.4 ಲೀಟರನ್ನು ದಾರಿಯಲ್ಲಿ ಹಾಕಿಸಬೇಕು. ಎಲ್ಲಿ? ಮಂಗಳೂರಿನಲ್ಲಿ, ಇಲ್ಲವೇ ವಾಪಸ್ ಬರುವಾಗ ಉಪ್ಪಿನಂಗಡಿ ದಾಟುವುದರೊಳಗೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಹೋಗುವಾಗ ಇಳಿದ ಆ ಎತ್ತರವನ್ನೆಲ್ಲ ಬರುವಾಗ ಗುಂಡ್ಯದಿಂದ ಮೇಲೆ ಏರಬೇಕು. ಎರಡನೇ ಗೇರಿನಲ್ಲಿ, ಲಾರಿಗಳ ಹಿಂದೆ ತೆವಳುತ್ತಾ ಏರುವ ಆ 25–30 ಕಿ.ಮೀ.ಯಲ್ಲಿ ಮೈಲೇಜ್ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಮಣ್ಣು ಜರಿದು ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದರೆ ಎಂಜಿನ್ ನಿಂತಲ್ಲೇ ಸುಡುವ ಪೆಟ್ರೋಲೂ ಸೇರುತ್ತದೆ. ಆದ್ದರಿಂದ ಹೋಗುವಾಗ ಸಿಕ್ಕ ಮೈಲೇಜ್ ನೋಡಿ ಬರುವ ದಾರಿಯನ್ನು ಅಂದಾಜು ಮಾಡಬೇಡಿ. ಘಾಟಿ ಹತ್ತುವ ಮೊದಲು ಟ್ಯಾಂಕು ಅರ್ಧಕ್ಕಿಂತ ಮೇಲೆ ಇರಲಿ.

ಟ್ಯಾಂಕಿನ ಪೂರ್ತಿ ಅಳತೆಯನ್ನು ಮೈಲೇಜಿನಿಂದ ಗುಣಿಸಿ "ನನ್ನ ಗಾಡಿ 590 ಕಿ.ಮೀ. ಹೋಗುತ್ತದೆ" ಎಂದು ಹೊರಡುವುದು ಇನ್ನೊಂದು ತಪ್ಪು. 37ರಲ್ಲಿ 30 ಲೀಟರ್ ಮಾತ್ರ ನಿಮ್ಮದು ಎಂದುಕೊಳ್ಳಿ. ಆಗ 480 ಕಿ.ಮೀ. ಸ್ಕೂಟರಿನವರು 5.3ರಲ್ಲಿ 4.3 ಎಂದುಕೊಳ್ಳಿ. ಲೀಟರಿಗೆ 45 ಕೊಡುವ ಸ್ಕೂಟರ್ ಆದರೆ 190 ಕಿ.ಮೀ. ಆಯಿತು. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಮುಳುಗಿರುವ ಗಾಡಿಗಳಲ್ಲಿ ಆ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಪದೇ ಪದೇ ತಳ ಕಾಣುವವರೆಗೆ ಓಡಿಸಿದರೆ ಪಂಪಿಗೆ ಪೆಟ್ಟು.

ಹಂತ 6: ಕಿಲೋಮೀಟರಿಗೆ ಎಷ್ಟು ಖರ್ಚು?

ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ, 16ರಿಂದ ಭಾಗಿಸಿ, ಕಿ.ಮೀ.ಗೆ 6 ರೂಪಾಯಿ 44 ಪೈಸೆ. ಮೇಲಿನ ಮಂಗಳೂರು ಪ್ರಯಾಣಕ್ಕೆ 48.4 ಲೀಟರಿಗೆ 4,985 ರೂಪಾಯಿ. ಇದಕ್ಕೆ ಟೋಲ್, ಪಾರ್ಕಿಂಗ್ ಸೇರಿಸಿ ಜನಕ್ಕೆ ಹಂಚಿದರೆ ಬಸ್ ಟಿಕೆಟ್ಟಿನ ಜೊತೆ ಹೋಲಿಸಬಹುದು. ಹಂಚುವಾಗ ಟ್ಯಾಂಕಿಗೆ ಹಾಕಿಸಿದ ಹಣವನ್ನಲ್ಲ, ಸುಟ್ಟ ಲೀಟರಿನ ಹಣವನ್ನು ಹಂಚಿ. ಗೆಳೆಯರ ನಡುವೆ ಬೇಸರ ಹುಟ್ಟುವುದು ಇಲ್ಲೇ. ಹೊರಡುವಾಗ ಫುಲ್, ಬಂದ ಮೇಲೆ ಮತ್ತೆ ಫುಲ್. ದಾರಿಯಲ್ಲಿ ಹಾಕಿಸಿದ್ದು ಮತ್ತು ಕೊನೆಯ ಫುಲ್‌ಗೆ ಹಿಡಿದದ್ದು ಎರಡನ್ನೂ ಕೂಡಿಸಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಟೋಲ್ ವಿಷಯ: ರಾಷ್ಟ್ರೀಯ ಹೆದ್ದಾರಿಗಳಲ್ಲಿ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ 2025ರ ಆಗಸ್ಟ್ 15ರಂದು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾಯಿತು. ಶುರುವಾದಾಗ 3,000 ರೂಪಾಯಿಗೆ 200 ಟೋಲ್ ದಾಟುವಿಕೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಪೂರ್ತಿ ಬಳಸಿದರೆ ಒಂದು ದಾಟುವಿಕೆಗೆ 15 ರೂಪಾಯಿ. ವರ್ಷಕ್ಕೆ ನೀವು ಎಷ್ಟು ಟೋಲ್ ದಾಟುತ್ತೀರಿ ಎಂದು ಎಣಿಸಿಕೊಂಡೇ ಕೊಳ್ಳಿ. ರಾಜ್ಯ ಹೆದ್ದಾರಿಗಳ ಟೋಲ್‌ಗೆ ಅದು ನಡೆಯುವುದಿಲ್ಲ.

ಈಗ ಮುಖ್ಯ ಮಾತು. ಗಾಡಿಯ ಖರ್ಚು ಎಂದರೆ ಪೆಟ್ರೋಲ್ ಖರ್ಚು ಎಂದುಕೊಂಡವರೇ ಹೆಚ್ಚು. ವರ್ಷಕ್ಕೆ 10,000 ಕಿ.ಮೀ. ಓಡುವ ಕಾರಿನ ಲೆಕ್ಕ ಬಿಡಿಸೋಣ. ಅಂಕಿಗಳು ಮಾದರಿಗೆ ಮಾತ್ರ, ಇವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಸರ್ವಿಸ್ ವರ್ಷಕ್ಕೆ 8,000 ರೂಪಾಯಿ, ಕಿ.ಮೀ.ಗೆ 80 ಪೈಸೆ. ನಾಲ್ಕು ಟೈರಿಗೆ 18,000, ಅವು 40,000 ಕಿ.ಮೀ. ಬಂದರೆ 45 ಪೈಸೆ. ವಿಮೆ 10,000, ಅಂದರೆ 1 ರೂಪಾಯಿ. ಇನ್ನು ಸವಕಳಿ, ಅಂದರೆ ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ವ್ಯತ್ಯಾಸ: 8 ಲಕ್ಷಕ್ಕೆ ಕೊಂಡು ಎಂಟು ವರ್ಷದ ಮೇಲೆ 3 ಲಕ್ಷಕ್ಕೆ ಮಾರಿದರೆ 5 ಲಕ್ಷ ಕರಗಿತು. ಅದನ್ನು 80,000 ಕಿ.ಮೀ.ಗೆ ಹಂಚಿದರೆ 6 ರೂಪಾಯಿ 25 ಪೈಸೆ. ಪೆಟ್ರೋಲಿಗೆ ಸುರಿದಷ್ಟೇ ಹಣ ಸದ್ದಿಲ್ಲದೆ ಇಲ್ಲಿಯೂ ಹೋಗುತ್ತಿದೆ! ಎಲ್ಲ ಸೇರಿ ಕಿ.ಮೀ.ಗೆ ಸುಮಾರು 15 ರೂಪಾಯಿ.

ಹಾಗಾದರೆ ಯಾವ ಅಂಕಿ ಬಳಸಬೇಕು? ಅದು ಪ್ರಶ್ನೆಯ ಮೇಲೆ ಹೋಗುತ್ತದೆ. ಕಾರು ಹೇಗೂ ಮನೆ ಮುಂದೆ ನಿಂತಿದೆ, ಈ ಭಾನುವಾರ ಅದರಲ್ಲಿ ಹೋಗಬೇಕೋ ಬಸ್ಸಿನಲ್ಲೋ ಎಂದರೆ ಪೆಟ್ರೋಲ್, ಸರ್ವಿಸ್, ಟೈರ್ ಸೇರಿದ 7 ರೂಪಾಯಿ 70 ಪೈಸೆ ಸಾಕು. ವಿಮೆ ಕಟ್ಟುವುದು ಕಟ್ಟಲೇಬೇಕು, ಗಾಡಿ ಹೊರಗೆ ಹೋಗಲಿ ಬಿಡಲಿ. ಆದರೆ ಕಾರು ಕೊಳ್ಳಬೇಕೇ, ಇದ್ದದ್ದನ್ನು ಮಾರಿ ಟ್ಯಾಕ್ಸಿಯಲ್ಲಿ ಓಡಾಡಬಹುದೇ ಎಂದರೆ ಪೂರ್ತಿ ಅಂಕಿ ಬೇಕು. ಇದೇ ಕಾರು ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿದರೆ ವಿಮೆ, ಸವಕಳಿ ಅರ್ಧದಷ್ಟು ಕಿ.ಮೀ. ಮೇಲೆ ಬೀಳುತ್ತವೆ. ಆಗ ಕಿ.ಮೀ.ಗೆ 22 ರೂಪಾಯಿ. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವವರು ಈ ಲೆಕ್ಕವನ್ನು ಖಂಡಿತ ಹಾಕಿ ನೋಡಬೇಕು.

ಎಚ್ಚರಿಕೆ: ಸಾಲದ ಕಂತನ್ನೂ ಸವಕಳಿಯನ್ನೂ ಎರಡನ್ನೂ ಸೇರಿಸಬೇಡಿ. ಕಂತಿನಲ್ಲಿ ಅಸಲು ಇದೆ, ಅದು ಸವಕಳಿಯಲ್ಲಿ ಆಗಲೇ ಬಂದಿದೆ. ಸೇರಿಸಬೇಕಾದ್ದು ಬಡ್ಡಿ ಮಾತ್ರ.

ಗಡಿ ಭಾಗದವರು, ಅದರಲ್ಲೂ ಕಾಸರಗೋಡು ಕಡೆಯವರು, ಗಡಿ ದಾಟಿ ಹಾಕಿಸಿದರೆ ಲಾಭವೇ ಎಂದು ಕೇಳುತ್ತಾರೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯೊಳಗೆ ಬಂದಿಲ್ಲ, ರಾಜ್ಯಕ್ಕೊಂದು ತೆರಿಗೆ, ಹಾಗಾಗಿ ದರವೂ ಬೇರೆ. ಲೀಟರಿಗೆ 4 ರೂಪಾಯಿ ಕಡಿಮೆ, 25 ಲೀಟರ್ ಹಾಕಿಸಿದಿರಿ ಎಂದರೆ ಉಳಿದದ್ದು 100 ರೂಪಾಯಿ. ಅದಕ್ಕಾಗಿಯೇ 12 ಕಿ.ಮೀ. ಹೆಚ್ಚು ಓಡಿದರೆ 7.70ರಂತೆ 92 ರೂಪಾಯಿ ಹೋಯಿತು. ಹೇಗೂ ಆ ಕಡೆ ಹೋಗುವ ಕೆಲಸವಿದ್ದರೆ ಹಾಕಿಸಿ, ಅದಕ್ಕೆಂದೇ ಹೋಗಬೇಡಿ.

ಡೀಸೆಲ್ ಕಾರು ಕೊಳ್ಳಬೇಕೆನ್ನುವವರಿಗೂ ಇದೇ ದಾರಿ. ಡೀಸೆಲ್ ಮಾಡೆಲ್ಲಿಗೆ ಒಂದೂವರೆ ಲಕ್ಷ ಹೆಚ್ಚು, ಕಿ.ಮೀ.ಗೆ ಉಳಿತಾಯ 1 ರೂಪಾಯಿ 90 ಪೈಸೆ ಎಂದರೆ ಸುಮಾರು 79,000 ಕಿ.ಮೀ. ಓಡಿದ ಮೇಲಷ್ಟೇ ಲಾಭ ಶುರು.

ಹಂತ 7: ಡ್ರಮ್ಮು, ಜನರೇಟರ್, ಟ್ರ್ಯಾಕ್ಟರ್

ತೋಟ, ಹೊಲ ಇರುವವರು ಇದನ್ನೇ ಹೆಚ್ಚು ಕೇಳುತ್ತಾರೆ. ಚೌಕದ ಟ್ಯಾಂಕ್ ಆದರೆ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿ. ಜನರೇಟರಿನ 60, 40, 35ರ ಟ್ಯಾಂಕಿಗೆ 84 ಲೀಟರ್.

ಡ್ರಮ್ಮಿಗೆ ಮೊದಲು ಸುತ್ತಳತೆ ತೆಗೆಯಿರಿ. ಬಡಗಿಯ ಟೇಪ್ ಬೇಡ, ದರ್ಜಿಯ ಟೇಪು ಒಳ್ಳೆಯದು. ಡ್ರಮ್ಮಿನ ಉಬ್ಬಿದ ಪಟ್ಟಿ ಬಿಟ್ಟು ಸಪಾಟಾದ ಕಡೆ ಸುತ್ತಿ. ನಾವು '200 ಲೀಟರ್ ಡ್ರಮ್' ಎನ್ನುವ ಕಬ್ಬಿಣದ ಡ್ರಮ್ಮಿಗೆ ಸುಮಾರು 179 ಸೆಂ.ಮೀ. ಬರುತ್ತದೆ. ಅದನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ 57. ಅರ್ಧ 28.5. ಅದನ್ನು ಅದರಿಂದಲೇ ಗುಣಿಸಿ, ಮತ್ತೆ 3.14ರಿಂದ ಗುಣಿಸಿ, 1,000ದಿಂದ ಭಾಗಿಸಿದರೆ 2.55. ಅಂದರೆ ನೆಟ್ಟಗೆ ನಿಂತ ಡ್ರಮ್ಮಿನಲ್ಲಿ ಒಂದೊಂದು ಸೆಂಟಿಮೀಟರ್ ಎತ್ತರಕ್ಕೂ 2.55 ಲೀಟರ್. ಒಣಗಿದ ಬಿದಿರಿನ ಸೀಳೊಂದನ್ನು ತೆಗೆದುಕೊಂಡು ಚಾಕುವಿನಲ್ಲಿ ಹತ್ತು ಹತ್ತು ಸೆಂ.ಮೀ.ಗೆ ಗೀರು ಹಾಕಿ, ಬಾಯಿಯಿಂದ ನೆಟ್ಟಗೆ ತಳಕ್ಕೆ ಇಳಿಸಿ ಎತ್ತಿ. ಒದ್ದೆಯಾದ ಗುರುತು 30 ಸೆಂ.ಮೀ. ಇದ್ದರೆ 76 ಲೀಟರ್ ಇದೆ.

ಮಲಗಿಸಿದ ಡ್ರಮ್ಮಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅರ್ಧ ಆಳ ಎಂದರೆ ಅರ್ಧ ಡೀಸೆಲ್, ಸರಿ. ಆದರೆ ಕಾಲು ಆಳ ಎಂದರೆ ಶೇ 19.6 ಮಾತ್ರ, ಮುಕ್ಕಾಲು ಆಳಕ್ಕೆ ಶೇ 80.4, ಹತ್ತನೇ ಒಂದು ಆಳಕ್ಕೆ ಶೇ 5.2. ಪೂರ್ತಿ ತುಂಬಿದರೆ 217 ಲೀಟರ್ ಹಿಡಿಯುವ ಡ್ರಮ್ಮಿನಲ್ಲಿ ಕಾಲು ಆಳ ಕಂಡರೆ ಇರುವುದು 54 ಲೀಟರ್ ಅಲ್ಲ, 42.

ಟ್ರ್ಯಾಕ್ಟರಿಗೆ ಕಿ.ಮೀ. ಲೆಕ್ಕ ಅರ್ಥವಿಲ್ಲ, ಗಂಟೆಗೆ ಎಷ್ಟು ಲೀಟರ್ ಎಂದು ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಫುಲ್ ಮಾಡಿ, ಉಳುಮೆ ಮುಗಿಸಿ ಬಂದು ಅದೇ ಜಾಗದಲ್ಲಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. 6 ಗಂಟೆಗೆ 24 ಲೀಟರ್ ಹಿಡಿದರೆ ಗಂಟೆಗೆ 4. ಡೀಸೆಲ್ 91 ರೂಪಾಯಿ ಎಂದರೆ ಗಂಟೆಗೆ 364 ರೂಪಾಯಿ. ಒಂದು ಎಕರೆಗೆ ಒಂದೂಕಾಲು ಗಂಟೆ ಹಿಡಿದರೆ ಎಕರೆಗೆ 455. ಬಾಡಿಗೆಗೆ ಹೊಡೆಯುವವರು ಇದರ ಮೇಲೆ ಚಾಲಕರ ಕೂಲಿ, ಸವಕಳಿ, ನೇಗಿಲಿನ ತೇಯುವಿಕೆ ಸೇರಿಸಿಯೇ ದರ ಹೇಳಬೇಕು. ಸಮಯಕ್ಕೆ ಕೈಗಡಿಯಾರವನ್ನೇ ನೋಡಿ. ಹಳೆಯ ಟ್ರ್ಯಾಕ್ಟರುಗಳ ಗಂಟೆ ಮೀಟರ್ ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ. ನಿಧಾನ ಓಡಿಸಿದರೆ ಒಂದು ಗಂಟೆಯ ಕೆಲಸ ಅದರಲ್ಲಿ ಒಂದು ಗಂಟೆ ಎಂದು ಬೀಳುವುದಿಲ್ಲ.

ಮನೆಯಲ್ಲಿ ಎಷ್ಟು ಇಡಬಹುದು? 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರ್‌ವರೆಗೆ ಮಾತ್ರ ಇಡಬಹುದು. ಡೀಸೆಲ್ ಆದರೆ 2,500 ಲೀಟರ್‌ವರೆಗೆ, ಆದರೆ ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿರಬಾರದು. ಪೆಟ್ರೋಲನ್ನಂತೂ ಮನೆಯೊಳಗೆ ಇಡದೇ ಇರುವುದೇ ಕ್ಷೇಮ. ಗೀರು ಹಾಕಿದ ಬಿದಿರು ಇಳಿಸುವಾಗ ಬೀಡಿ, ಮೊಬೈಲ್ ದೂರವಿರಲಿ. ಕತ್ತಲಾದರೆ ದೀಪ ಹಿಡಿದು ಡ್ರಮ್ಮಿನ ಬಾಯಿಯೊಳಗೆ ಬಗ್ಗಬೇಡಿ, ಬೆಳಗಾಗಲಿ.

ಡ್ರಮ್ಮಿನ ತಳದ ಎರಡು ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿಯ ತಂಪಿಗೆ ಒಳಗೇ ಕಟ್ಟುವ ನೀರು, ತುಕ್ಕು, ಕಸ ಎಲ್ಲ ಅಲ್ಲಿ ಕೂತಿರುತ್ತದೆ. ಅದು 5 ಲೀಟರಿನಷ್ಟು ಆಗುತ್ತದೆ. ಕೈಪಂಪಿನ ಕೊಳವೆಯನ್ನು ಆ ಮಟ್ಟಕ್ಕಿಂತ ಮೇಲೆ ಕಟ್ಟಿ ನಿಲ್ಲಿಸಿ. ಹೊಸ ಡೀಸೆಲ್ ತುಂಬಿಸುವ ಮೊದಲು ಆ ತಳದ್ದನ್ನು ಬೇರೆ ಕ್ಯಾನಿಗೆ ತೆಗೆದು, ನೀರು ತಳಕ್ಕೆ ಇಳಿಯುವವರೆಗೆ ಬಿಟ್ಟು ನೋಡಿ.